ಪಿಗ್ಮಿ ಕಟ್ಟಬೇಕೇ? ಮಂಗಳೂರು–ಉಡುಪಿಯ ದಿನಠೇವಣಿ ಸೇವೆಯ ಲೆಕ್ಕ

ಬಡ್ಡಿಯೊಂದನ್ನೇ ನೋಡುವವರಿಗೆ ಪಿಗ್ಮಿ ಬೇಡ. ಸಂಗ್ರಾಹಕರು ದಿನವೂ ಬಾಗಿಲಿಗೆ ಬಂದು ಸಣ್ಣ ಮೊತ್ತ ಒಯ್ದು ಖಾತೆಗೆ ಹಾಕುವ ಠೇವಣಿಯೇ ಪಿಗ್ಮಿ. ಒಂದು ವರ್ಷದ ಪಿಗ್ಮಿಗೆ ನೂರಕ್ಕೆ ಮೂರರ ಆಸುಪಾಸು ಬಡ್ಡಿ ಸಿಗುವುದು ಸಾಮಾನ್ಯ. ಅದನ್ನು ಕಟ್ಟಿಸಿಕೊಳ್ಳುವ ಸಹಕಾರ ಸಂಘದ ಗೋಡೆಯಲ್ಲೇ ಆರ್.ಡಿ.ಗೆ, ಅಂದರೆ ತಿಂಗಳ ಕಂತಿನ ಠೇವಣಿಗೆ, ಆರು, ಆರೂವರೆ ಎಂದು ಬೋರ್ಡು ತೂಗುತ್ತಿರುತ್ತದೆ. ಹಾಗಿದ್ದೂ ಮಂಗಳೂರಿನ ಹಂಪನಕಟ್ಟೆಯಿಂದ ಮಲ್ಪೆ ಬಂದರಿನವರೆಗೆ ಗೂಡಂಗಡಿ, ಸೆಲೂನು, ಜ್ಯೂಸ್ ಅಂಗಡಿ, ಟೈಲರ್, ರಿಕ್ಷಾ ಪಾರ್ಕ್, ಮೀನು ಮಾರುವ ಹೆಂಗಸರ ಸಾಲು, ಎಲ್ಲ ಕಡೆಗೂ ಪಿಗ್ಮಿಯವರು ದಿನಕ್ಕೊಮ್ಮೆ ಬಂದು ಹೋಗುತ್ತಾರೆ. ಇವರಿಗೆ ದುಡ್ಡು ಕೊಡುವವರೇನೂ ಲೆಕ್ಕ ಬಾರದವರಲ್ಲ. ಬಂಗುಡೆ, ಬೂತಾಯಿಯ ದರ ಗಳಿಗೆಗೊಮ್ಮೆ ಬದಲಾದರೂ ಬಾಯಲ್ಲೇ ಕೂಡಿ ಕಳೆದು ಚಿಲ್ಲರೆ ಕೊಡುವವರು. ಬಾಗಿಲಿಗೆ ಬಂದು ಹಣ ಒಯ್ಯುವ ಕಾಲಿಗೆ ಇವರು ಕೂಲಿ ಕೊಡುತ್ತಿದ್ದಾರೆ, ಅಷ್ಟೆ. ಹಾಗಾಗಿ ಈ ಸೇವೆಯನ್ನು ತೂಗುವಾಗ ನೋಡಬೇಕಾದದ್ದು ಎರಡು: ಆ ಕೂಲಿ ಎಷ್ಟಾಯಿತು, ಮತ್ತು ಒಯ್ದ ಹಣ ಎಲ್ಲಿ ಸೇರಿತು.

ಸಣ್ಣ ಅಂಗಡಿಯ ಡ್ರಾವರಿನಲ್ಲಿ ರಾತ್ರಿ ಎಂಟಕ್ಕೆ ಉಳಿಯುವ ನೋಟುಗಳಲ್ಲಿ ಎಲ್ಲ ಬಗೆಯ ಹಣವೂ ಬೆರೆತಿರುತ್ತದೆ. ನಾಳೆ ಬೆಳಿಗ್ಗೆಯ ಮಾಲಿನ ಬಂಡವಾಳ ಅದರಲ್ಲಿದೆ, ತಿಂಗಳ ಬಾಡಿಗೆಯ ಪಾಲು ಇದೆ, ಮನೆಯ ಗ್ಯಾಸಿನ ದುಡ್ಡು ಇದೆ, ಸಾಲದ ಕಂತು ಇದೆ, ಕೊನೆಗೆ ಎಲ್ಲೋ ಒಂದಿಷ್ಟು ಲಾಭ ಇದೆ. ನೋಟಿನ ಮೇಲೆ ಅದು ಯಾವ ಲೆಕ್ಕದ್ದೆಂದು ಬರೆದಿರುವುದಿಲ್ಲವಲ್ಲ. ಬಾಡಿಗೆಯ ಹಣ ಮಾಲಿಗೆ ಹೋಗುತ್ತದೆ, ಮಾಲಿನ ಹಣ ಮದುವೆ ಮುಯ್ಯಿಗೆ ಹೋಗುತ್ತದೆ. ಮಧ್ಯಾಹ್ನ ಮೂರಕ್ಕೋ ಸಂಜೆ ಆರಕ್ಕೋ ಒಬ್ಬರು ಬಂದು ನೂರು ರೂಪಾಯಿ ಎತ್ತಿಕೊಂಡು ಹೋದರೆ ಅಷ್ಟು ಹಣಕ್ಕೆ ಒಂದು ಲೆಕ್ಕ ಹತ್ತುತ್ತದೆ. ಪಿಗ್ಮಿಯ ಕೆಲಸ ಇಷ್ಟೇ. ಇದನ್ನು ಅದು ಚೆನ್ನಾಗಿಯೇ ಮಾಡುತ್ತದೆ.

ಈ ಏರ್ಪಾಡು ಹುಟ್ಟಿದ್ದೂ ಇಲ್ಲಿಯೇ. ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವರು ಸೇರಿ 1925ರಲ್ಲಿ ಉಡುಪಿಯಲ್ಲಿ ಕಟ್ಟಿದ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಅಂದರೆ ಮುಂದಿನ ಸಿಂಡಿಕೇಟ್ ಬ್ಯಾಂಕ್, 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. ಎಂಟು ದಿನ ಕಟ್ಟಿದರೆ ಒಂದು ರೂಪಾಯಿ. ಅಷ್ಟು ಸಣ್ಣ ಮೊತ್ತ ಹಿಡಿದುಕೊಂಡು ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುವವರ ಮನೆಗೆ ಬ್ಯಾಂಕೇ ಹೋಗಬೇಕು ಎಂಬುದು ಅದರ ಹಿಂದಿನ ಯೋಚನೆ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಎಂಬ ಹೆಸರು ಮಾತ್ರ ಆ ಮೊದಲೇ ಯಾರೊಬ್ಬರ ಸೊತ್ತಾಗಿಯೂ ಉಳಿದಿರಲಿಲ್ಲ. ಇವತ್ತು ಕರಾವಳಿಯಲ್ಲಿ ದಿನದ ಸಂಗ್ರಹ ಎದ್ದು ಕಾಣುವುದು ಪತ್ತಿನ ಸಹಕಾರ ಸಂಘಗಳಲ್ಲಿ ಮತ್ತು ಸೌಹಾರ್ದ ಸಹಕಾರಿಗಳಲ್ಲಿ. ‘ನಿತ್ಯನಿಧಿ’ ಎನ್ನಿ, ‘ದೈನಿಕ ಠೇವಣಿ’ ಎನ್ನಿ, ಜನ ಕರೆಯುವುದು ಪಿಗ್ಮಿ ಎಂದೇ.

ಈಗ ಕೂಲಿಯ ಲೆಕ್ಕ. ದಿನಕ್ಕೆ 100 ರೂ. ಎಂದಿಟ್ಟುಕೊಳ್ಳಿ. ಆದಿತ್ಯವಾರ, ಹಬ್ಬ, ಬಂದ್, ಕಲೆಕ್ಟರ್ (ಹಣ ಸಂಗ್ರಹಿಸುವ ಪಿಗ್ಮಿಯವರು) ಮಾಡುವ ರಜೆ ಎಲ್ಲ ಕಳೆದರೆ ವರ್ಷಕ್ಕೆ 300 ದಿನ ಸಿಗುತ್ತದೆ; 365 ಎಂದು ಲೆಕ್ಕ ಹಾಕಿ ವರ್ಷದ ಕೊನೆಗೆ ಬೇಸರ ಮಾಡಿಕೊಳ್ಳುವುದು ಬೇಡ. ಕಟ್ಟಿದ್ದು 30,000 ರೂ. ಆದರೆ ಆ 30,000 ವರ್ಷವಿಡೀ ಖಾತೆಯಲ್ಲಿ ಇರುವುದಿಲ್ಲ, ದಿನದಿನವೂ ಏರುತ್ತಾ ಹೋಗುತ್ತದೆ. ಸರಾಸರಿ ಹಿಡಿದರೆ ಇದ್ದದ್ದು 15,000. ಅದಕ್ಕೆ ಶೇ. 3ರಂತೆ ಬಡ್ಡಿ 450 ರೂ. ಇದೇ ಹಣವನ್ನು ತಿಂಗಳಿಗೆ 2,500ರಂತೆ ಶೇ. 6.5ರ ಆರ್.ಡಿ.ಗೆ ಕಟ್ಟಿದ್ದರೆ ಬಡ್ಡಿ ಸುಮಾರು 1,050 ರೂ. ವ್ಯತ್ಯಾಸ 600. ಮುನ್ನೂರು ಸಲ ಮನುಷ್ಯ ಬಂದದ್ದಕ್ಕೆ 600 ರೂ., ಅಂದರೆ ಒಂದು ಸಲಕ್ಕೆ ಎರಡು ರೂಪಾಯಿ. ಕೆಲಸ ಬಿಟ್ಟು ಬ್ಯಾಂಕಿಗೆ ಹೋಗಿ ಕ್ಯೂ ನಿಲ್ಲುವವರ ಅರ್ಧ ಗಂಟೆಗೆ ಹೋಲಿಸಿದರೆ ಇದು ಅಗ್ಗ. ಆದರೆ ದಿನಕ್ಕೆ 1,000 ಕಟ್ಟುವವರಿಗೆ ಇದೇ ಲೆಕ್ಕ 6,000 ರೂ. ಆಗುತ್ತದೆ, ಒಂದು ಭೇಟಿಗೆ 20 ರೂ. ಬರುವ ಕಾಲು ಒಂದೇ, ಕೂಲಿ ಹತ್ತು ಪಟ್ಟು. ಆದ್ದರಿಂದ ಪಿಗ್ಮಿ ಸಣ್ಣ ಮೊತ್ತಕ್ಕೆ ಒಳ್ಳೆಯದು, ದೊಡ್ಡ ಮೊತ್ತಕ್ಕೆ ದುಬಾರಿ. ದಿನಕ್ಕೆ 1,000 ಉಳಿಸಬಲ್ಲವರು 200 ಪಿಗ್ಮಿಗೆ ಇಟ್ಟು ಉಳಿದದ್ದನ್ನು ವಾರಕ್ಕೊಮ್ಮೆ ಸ್ವಂತ ಖಾತೆಗೆ ಹಾಕಿ ಅಲ್ಲಿಂದ ಆರ್.ಡಿ.ಗೆ ಕಳಿಸುವುದು ಜಾಣತನ.

ಖಾತೆ ತೆರೆಯುವಾಗ ಒಂದು ಮಾತು ಬಾಯಿಬಿಟ್ಟು ಕೇಳಬೇಕು: ಬಡ್ಡಿ ಯಾವ ಬಾಕಿಯ (ಖಾತೆಯಲ್ಲಿರುವ ಮೊತ್ತದ) ಮೇಲೆ? ದಿನದ ಬಾಕಿಯ ಮೇಲೆ ಕೊಟ್ಟರೆ ಮೇಲಿನ 450. ತಿಂಗಳ ಆರಂಭದ ಬಾಕಿಯ ಮೇಲೆ ಮಾತ್ರ ಕೊಟ್ಟರೆ ಅದೇ ಶೇ. 3ಕ್ಕೆ 412 ರೂ. ಬರುತ್ತದೆ. ಬೋರ್ಡಿನಲ್ಲಿ ಎರಡೂ ಕಡೆ ಮೂರು ಎಂದೇ ಇರುತ್ತದೆ.

ಬಡ್ಡಿ ಇಷ್ಟು ಕಡಿಮೆ ಏಕೆ, ಅವಧಿಗೆ ಮುಂಚೆ ತೆಗೆದರೆ ಹಣ ಕಡಿಯುವುದು ಏಕೆ ಎಂಬುದಕ್ಕೆ ಕಾರಣ ಒಂದೇ: ಕಲೆಕ್ಟರಿನ ಕಮಿಷನ್. ಸಂಗ್ರಹಿಸಿದ ಹಣಕ್ಕೆ ನೂರಕ್ಕೆ 3 ಕಮಿಷನ್ ಎಂದಿಟ್ಟುಕೊಂಡರೆ 30,000ಕ್ಕೆ 900 ರೂ. ಹೋಯಿತು. ಅದಕ್ಕೆ ನಿಮ್ಮ ಬಡ್ಡಿ 450 ಸೇರಿಸಿ, 1,350. ಸಂಘದ ಕೈಯಲ್ಲಿ ಸರಾಸರಿ ಇದ್ದದ್ದು 15,000 ಮಾತ್ರ, ಹಾಗಾಗಿ ಆ ಹಣ ಸಂಘಕ್ಕೆ ಬಿದ್ದದ್ದು ಶೇ. 9ಕ್ಕೆ. ಅದನ್ನು ಹದಿಮೂರಕ್ಕೋ ಹದಿನಾಲ್ಕಕ್ಕೋ ಸಾಲ ಕೊಟ್ಟರೆ ಮಾತ್ರ ಸಂಬಳ, ಬಾಡಿಗೆ ಹುಟ್ಟುತ್ತದೆ. ಕಮಿಷನ್ ಕೊಡುವುದು ಕಟ್ಟಿದ ತಿಂಗಳಲ್ಲೇ. ನೀವು ನಾಲ್ಕು ತಿಂಗಳಿಗೆ ಖಾತೆ ಮುಚ್ಚಿದರೆ ಸಂಘಕ್ಕೆ ಹಣ ದುಡಿಯುವ ಮೊದಲೇ ಹೊರಟುಹೋಯಿತು. ಅದಕ್ಕೇ ಆರು ತಿಂಗಳೊಳಗೆ ಮುಚ್ಚಿದರೆ ಬಡ್ಡಿ ಇಲ್ಲ, ಮೇಲಿಂದ ಕಮಿಷನ್ನೂ ನಿಮ್ಮ ಕಡೆಯಿಂದ, ಎಂಬ ಷರತ್ತು. ನಾಲ್ಕು ತಿಂಗಳಲ್ಲಿ 10,000 ಕಟ್ಟಿದವರ ಕೈಗೆ 9,700 ಬರುತ್ತದೆ. ಆರರಿಂದ ಹನ್ನೆರಡು ತಿಂಗಳ ನಡುವೆ ಮುಚ್ಚಿದರೆ ಕಡಿತ ಇಲ್ಲ, ಬಡ್ಡಿಯೂ ಇಲ್ಲ ಅಥವಾ ಅರ್ಧ, ಎಂಬುದು ಇನ್ನೊಂದು ಬಗೆಯ ಷರತ್ತು. ಸಂಘದಿಂದ ಸಂಘಕ್ಕೆ ಇದು ಬೇರೆ. ಅರ್ಜಿ ಫಾರಮಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ, ಕಲೆಕ್ಟರ್ ಬಾಯಲ್ಲಿ ಹೇಳಿದ್ದಕ್ಕೆ ಬೆಲೆಯಿಲ್ಲ.

ಕಲೆಕ್ಟರ್ ಬಗ್ಗೆಯೂ ಒಂದು ಮಾತು. ಕಮಿಷನ್ ಎಂದ ಮಾತ್ರಕ್ಕೆ ಅವರು ಹೊರಗಿನ ದಲ್ಲಾಳಿಗಳಲ್ಲ. ಸಿಂಡಿಕೇಟ್ ಬ್ಯಾಂಕಿನ ಠೇವಣಿ ಸಂಗ್ರಾಹಕರೂ ಇದ್ದ ಪ್ರಕರಣದಲ್ಲಿ 2001ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಕಾರ್ಮಿಕರೆಂದೇ, ಆ ಕಮಿಷನ್ನನ್ನು ಕೂಲಿಯೆಂದೇ ಒಪ್ಪಿತು. ಗ್ರಾಹಕರಿಗೆ ಇದರಿಂದಾಗುವ ಪ್ರಯೋಜನ: ರಸೀದಿ ಕೊಟ್ಟು ಒಯ್ದ ಹಣಕ್ಕೆ ‘ಅವರನ್ನೇ ಕೇಳಿ’ ಎಂದು ಸಂಸ್ಥೆ ಕೈತೊಳೆಯುವಂತಿಲ್ಲ ಎಂದು ಗಟ್ಟಿಯಾಗಿ ಕೇಳಲು ಬರುತ್ತದೆ. ಹಾಗೆ ಕೇಳಬೇಕಾದರೆ ಕೈಯಲ್ಲಿ ರಸೀದಿ ಇರಬೇಕು.

ರಸೀದಿಯಲ್ಲೇ ಇಡೀ ಸೇವೆಯ ಬಲ, ದೌರ್ಬಲ್ಯ ಎರಡೂ ಇದೆ. ಮೊದಲು ಕಾರ್ಡಿನಲ್ಲಿ ಪೆನ್ನಿನಿಂದ ಬರೆದು ಸಹಿ ಹಾಕುತ್ತಿದ್ದರು. ಈಗ ಕೈಯಲ್ಲಿ ಹಿಡಿಯುವ ಮೆಷಿನ್, ಇಲ್ಲವಾದರೆ ಮೊಬೈಲ್ ಆ್ಯಪ್ ಮತ್ತು ಸೊಂಟಕ್ಕೆ ಸಿಕ್ಕಿಸಿದ ಬ್ಲೂಟೂತ್ ಪ್ರಿಂಟರ್. ಹಳೆಯ ಬಗೆಯ ಮೆಷಿನ್‌ಗೆ ಬೆಳಿಗ್ಗೆ ಶಾಖೆಯಲ್ಲಿ ಖಾತೆಗಳ ಬಾಕಿ ತುಂಬಿಸಿಕೊಡುತ್ತಾರೆ. ದಿನವಿಡೀ ಅದು ನೆಟ್ ಇಲ್ಲದೆ ಓಡುತ್ತದೆ. ಸಂಜೆಯೋ ಮರುದಿನ ಬೆಳಿಗ್ಗೆಯೋ ಶಾಖೆಯ ಕಂಪ್ಯೂಟರಿಗೆ ಇಳಿಸುತ್ತಾರೆ. ಎಸ್ಸೆಮ್ಮೆಸ್ ಬರುವುದು ಆಮೇಲೆಯೇ. ಆದ್ದರಿಂದ ಹಣ ಕೊಟ್ಟ ಕೂಡಲೇ ಮೆಸೇಜ್ ಬರಲಿಲ್ಲ ಎಂದು ಗಾಬರಿಯಾಗಬೇಕಿಲ್ಲ. ಮರುದಿನ ಮಧ್ಯಾಹ್ನವೂ ಬರಲಿಲ್ಲ ಎಂದರೆ ಶಾಖೆಗೆ ಫೋನು ಮಾಡಬೇಕು. ಆ್ಯಪ್ ಇರುವಲ್ಲಿ ನೆಟ್ ಸಿಕ್ಕಿದರೆ ಕೂಡಲೇ ಬರುತ್ತದೆ. ಸೇವೆ ಆರಿಸುವಾಗ ಆ್ಯಪ್ ಇರುವ ಸಂಸ್ಥೆಗೆ ಒಂದು ಅಂಕ ಹೆಚ್ಚು ಕೊಡಬಹುದು.

ರಸೀದಿಯಲ್ಲಿ ಎಲ್ಲರೂ ನೋಡುವುದು ಇವತ್ತಿನ ಮೊತ್ತ. ನೋಡಬೇಕಾದದ್ದು ಒಟ್ಟು ಬಾಕಿ. ನಿನ್ನೆಯ ರಸೀದಿಯ ಒಟ್ಟಿಗೆ ಇವತ್ತಿನದು ಕೂಡಿದರೆ ಇವತ್ತಿನ ಒಟ್ಟು ಸಿಗಬೇಕು. ನಿನ್ನೆ 8,400, ಇವತ್ತು 100, ಒಟ್ಟು 8,500 ಇದ್ದರೆ ಸರಿ. 8,400 ಎಂದೇ ಇದ್ದರೆ ನಿನ್ನೆಯದು ಶಾಖೆಗೆ ಇಳಿದಿಲ್ಲ. ಬ್ಯಾಟರಿ ಸತ್ತು ಹಾಗಾಗಿರಬಹುದು, ಇಳಿಸುವಾಗ ಫೈಲು ಕೆಟ್ಟಿರಬಹುದು, ಅಥವಾ ಹಣ ಜೇಬಿನಲ್ಲೇ ಉಳಿದಿರಬಹುದು. ಮೂರಕ್ಕೂ ಮದ್ದು ಒಂದೇ, ಅದೇ ದಿನ ಶಾಖೆಗೆ ತಿಳಿಸುವುದು. ಖಾತೆ ಸಂಖ್ಯೆಯ ಕೊನೆಯ ನಾಲ್ಕು ಅಂಕಿಯನ್ನೂ ಒಮ್ಮೆ ನೋಡಿ, ಒಂದೇ ಹೆಸರಿನವರು ಒಂದೇ ಬೀದಿಯಲ್ಲಿ ಇಬ್ಬರಿದ್ದರೆ ಹಣ ಅತ್ತಿತ್ತ ಆಗುತ್ತದೆ.

ಥರ್ಮಲ್ ಕಾಗದದ ಚೀಟಿ ನಮ್ಮ ಊರಿನ ಸೆಕೆಗೆ ಹೇಳಿ ಮಾಡಿಸಿದ್ದಲ್ಲ. ಬಿಸಿ, ಬಿಸಿಲು, ಎಣ್ಣೆ ಮೂರೂ ಅಕ್ಷರವನ್ನು ಓದಲಾಗದಂತೆ ಮಾಡುತ್ತವೆ. ಬಜ್ಜಿ ಕರಿಯುವ ಅಂಗಡಿಯ ಡ್ರಾವರಿನಲ್ಲಿ ಇಟ್ಟದ್ದು ತಿಂಗಳು ಕಳೆಯುವಷ್ಟರಲ್ಲಿ ಬಿಳಿ ಕಾಗದ. ಎಲ್ಲ ಚೀಟಿ ಕಟ್ಟಿಡುವುದಕ್ಕಿಂತ ವಾರದ ಕೊನೆಯ ಚೀಟಿಯ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟು, ತಿಂಗಳಿಗೊಮ್ಮೆ ಶಾಖೆಗೆ ಹೋಗಿ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಂಡರೆ ಸಾಕು. ಈ ಎಂಟ್ರಿಗೆ ಪಾಸ್‌ಬುಕ್ಕನ್ನು ಕಲೆಕ್ಟರಿನ ಕೈಯಲ್ಲಿ ಕಳಿಸಬಾರದು. ಶಾಖೆಯ ಲೆಕ್ಕವನ್ನು ಕಲೆಕ್ಟರಿನ ಲೆಕ್ಕದ ಎದುರು ಇಟ್ಟು ನೋಡುವುದಕ್ಕೇ ಅಲ್ಲವೇ ಅದು ಇರುವುದು.

ಪಿಗ್ಮಿಯಲ್ಲಿ ಹಣ ಕಳೆದುಕೊಳ್ಳುವ ದಾರಿಗಳು ಹಳೆಯವೇ. ಮೆಷಿನ್ ಚಾರ್ಜ್ ಇಲ್ಲ, ನಾಳೆ ಒಟ್ಟಿಗೆ ಹಾಕುತ್ತೇನೆ ಎನ್ನುವುದು. ಆಗ ಸಂಸ್ಥೆಯ ಹೆಸರು, ಕ್ರಮಸಂಖ್ಯೆ ಅಚ್ಚಾದ ಪುಸ್ತಕದ ರಸೀದಿ ಕೇಳಬೇಕು, ಬಿಳಿ ಚೀಟಿ ಸಾಲದು. ಟಾರ್ಗೆಟ್ ಇದೆ, ಹತ್ತು ದಿನದ್ದು ಮುಂಗಡ ಕೊಡಿ ಎನ್ನುವುದು. ಕೊಟ್ಟರೆ ಅದೇ ಹೊತ್ತಿನಲ್ಲಿ ಪೂರ್ತಿ ಮೊತ್ತಕ್ಕೆ ಚೀಟಿ ಬರಬೇಕು. ಎಲ್ಲಕ್ಕಿಂತ ದೊಡ್ಡ ಹೊಂಡ, ಬರೆಯದ ವಿತ್‌ಡ್ರಾವಲ್ ಫಾರಮಿಗೆ ಸಹಿ. ‘ಅಕ್ಕಾ, ನೀವು ಶಾಖೆಗೆ ಬರುವುದು ಬೇಡ, ಇಲ್ಲಿ ಸಹಿ ಹಾಕಿ, ನಾನೇ ತಂದುಕೊಡ್ತೇನೆ’ ಎನ್ನುವುದು ಬಹುತೇಕ ಸಲ ನಿಜವಾದ ಉಪಕಾರವೇ. ಆದರೆ ಆ ಸಹಿಯಿಂದ ಖಾತೆ ಮುಚ್ಚಬಹುದು, ಅದರ ಮೇಲೆ ಸಾಲವನ್ನೂ ಎತ್ತಬಹುದು, ಮತ್ತು ಸಹಿ ನಿಮ್ಮದೇ ಆಗಿರುವುದರಿಂದ ಆಮೇಲೆ ವಾದಿಸುವುದು ಕಷ್ಟ. ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ನೀವೇ ಬರೆದು, ಹಣ ಸಂದಾಯವಾಗಬೇಕಾದ ಉಳಿತಾಯ ಖಾತೆಯ ಸಂಖ್ಯೆಯನ್ನೂ ಬರೆದು ಆಮೇಲೆ ಸಹಿ ಹಾಕಿ.

ಯುಪಿಐ ಬಂದ ಮೇಲೆ ಹೊಸದೊಂದು ಸೇರಿದೆ. ಗಿರಾಕಿಗಳೆಲ್ಲ ಸ್ಕ್ಯಾನ್ ಮಾಡುವಾಗ ಡ್ರಾವರಿನಲ್ಲಿ ನೋಟು ಇರುವುದಿಲ್ಲ, ಪಿಗ್ಮಿಯವರು ಬಂದರೆ ‘ಜಿಪೇ ಮಾಡ್ಲಾ?’ ಎಂದು ಕೇಳುವಂತಾಗಿದೆ. ಸಂಸ್ಥೆಯ ಅಥವಾ ನಿಮ್ಮ ಪಿಗ್ಮಿ ಖಾತೆಯದೇ ಕ್ಯೂಆರ್ ಇದ್ದರೆ ಧಾರಾಳವಾಗಿ ಮಾಡಿ. ಕಲೆಕ್ಟರಿನ ಸ್ವಂತ ನಂಬರಿಗೆ ಕಳಿಸಬೇಡಿ. ಕಳಿಸಿದ ದಾಖಲೆ ನಿಮ್ಮ ಫೋನಿನಲ್ಲಿ ಇದ್ದೇ ಇರುತ್ತದೆ, ಆದರೆ ಅದು ಒಬ್ಬ ವ್ಯಕ್ತಿಗೆ ನೀವು ಹಣ ಕೊಟ್ಟದ್ದಕ್ಕೆ ಸಾಕ್ಷಿಯೇ ಹೊರತು ಸಂಘದಲ್ಲಿ ಠೇವಣಿ ಇಟ್ಟದ್ದಕ್ಕಲ್ಲ. ಒಂದು ವೇಳೆ ಕಳಿಸಲೇಬೇಕಾಗಿ ಬಂದರೆ ಅಲ್ಲೇ ನಿಲ್ಲಿಸಿ ಮೆಷಿನ್ ಚೀಟಿ ತೆಗೆದುಕೊಳ್ಳಿ. ಇನ್ನೊಂದು ವಿಷಯ: ವ್ಯಾಪಾರದ ಮುಕ್ಕಾಲು ಪಾಲು ಯುಪಿಐಯಲ್ಲೇ ನಡೆಯುವ ಅಂಗಡಿಗೆ ಪಿಗ್ಮಿಯ ಅಗತ್ಯವೇ ಅರ್ಧ ಹೋಯಿತು. ಹಣ ಆಗಲೇ ಬ್ಯಾಂಕಿನಲ್ಲಿದೆ. ಅಲ್ಲಿಂದ ಆರ್.ಡಿ.ಗೆ ತಾನಾಗಿ ಕಡಿತವಾಗುವಂತೆ ಬರೆದುಕೊಟ್ಟರೆ ಎರಡು ಪಟ್ಟು ಬಡ್ಡಿ. ದಿನಕ್ಕೆ ಹತ್ತಿಪ್ಪತ್ತು ರೂಪಾಯಿಯನ್ನು ಡಿಜಿಟಲ್ ಚಿನ್ನಕ್ಕೆ ಎಳೆದುಕೊಳ್ಳುವ ಆ್ಯಪ್‌ಗಳನ್ನು ಪಿಗ್ಮಿಯ ಜಾಗಕ್ಕೆ ತರುವುದು ಮಾತ್ರ ಬೇಡ, ಕೊಳ್ಳುವಾಗಲೇ ಶೇ. 3 ಜಿಎಸ್‌ಟಿ ಹೋಗುತ್ತದೆ, ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಅಂತರ ಬೇರೆ.

ಈಗ ಸಾಲದ ವಿಷಯ. ಪಿಗ್ಮಿಗೆ ಅಂಟಿಕೊಂಡು ಎರಡು ಬಗೆಯ ಸಾಲಗಳಿವೆ, ಜನ ಎರಡನ್ನೂ ಪಿಗ್ಮಿ ಸಾಲ ಎಂದೇ ಕರೆಯುವುದರಿಂದ ಗೊಂದಲ.

ಮೊದಲನೆಯದು ಕಟ್ಟಿದ ಹಣದ ಮೇಲೆಯೇ ತೆಗೆಯುವ ಸಾಲ. ಒಂಬತ್ತು ತಿಂಗಳು ಕಟ್ಟಿ 22,500 ಆಗಿದೆ, 15,000 ಬೇಕು. ಶೇ. 10ರ ಬಡ್ಡಿಗೆ ಉಳಿದ ಮೂರು ತಿಂಗಳಿಗೆ ಸಾಲ ತೆಗೆದರೆ 375 ರೂ. ಬಡ್ಡಿ. ಖಾತೆಯನ್ನೇ ಮುಚ್ಚಿದರೆ ಕಳೆಯುವುದು ಹೆಚ್ಚೆಂದರೆ ಅಲ್ಲಿಯವರೆಗಿನ ಬಡ್ಡಿ, ಸುಮಾರು 250 ರೂ. ಕಮಿಷನ್ ಕಡಿತದ ಅವಧಿ ದಾಟಿದ್ದರೆ ಮುಚ್ಚಿ ಅದೇ ದಿನ ಹೊಸ ಖಾತೆ ತೆರೆಯುವುದೇ ಲಾಭ. ‘ಖಾತೆ ಮುರೀಬೇಡಿ, ಸಾಲ ತೆಗೀರಿ’ ಎಂಬ ಕೌಂಟರಿನ ಸಲಹೆ ಯಾರಿಗೆ ಅನುಕೂಲ ಎಂದು ಈ ಲೆಕ್ಕ ಹೇಳುತ್ತದೆ. ನಾಲ್ಕನೇ ತಿಂಗಳಲ್ಲಿ ಬೇಕಾದರೆ ಕಥೆ ಬೇರೆ: 10,000ದ ಖಾತೆ ಮುಚ್ಚಿದರೆ 300 ಕಡಿತ, 50 ರೂ. ಬಡ್ಡಿಯೂ ಹೋಯಿತು, 7,000 ಸಾಲ ತೆಗೆದು ಎರಡು ತಿಂಗಳಲ್ಲಿ ತೀರಿಸಿದರೆ 117 ರೂ. ಮಾತ್ರ. ತೀರಿಸದೆ ವರ್ಷದ ಕೊನೆಯವರೆಗೆ ಎಳೆದರೆ 467 ಆಗುತ್ತದೆ, ಆಗ ಮುಚ್ಚುವುದೇ ಮೇಲಿತ್ತು.

ಎರಡನೆಯದು ನಿಜವಾಗಿ ಜೇಬು ಕಡಿಯುವಂಥದ್ದು. ಅಂಗಡಿಗೆ 60,000 ಸಾಲ, ಶೇ. 14 ಬಡ್ಡಿ, ಒಂದು ವರ್ಷ. ದಿನಕ್ಕೆ 200ರಂತೆ ಪಿಗ್ಮಿಯವರು ಬಂದು ಒಯ್ಯುತ್ತಾರೆ, 300 ದಿನಕ್ಕೆ ಅಸಲು ಚುಕ್ತಾ. ಕೇಳಲು ಸುಲಭ. ಆದರೆ ಆ 200 ರೂ. ಯಾವ ಖಾತೆಗೆ ಜಮೆಯಾಗುತ್ತದೆ? ಸಾಲದ ಖಾತೆಗೇ ಆದರೆ ಅಸಲು ದಿನದಿನವೂ ಇಳಿಯುತ್ತದೆ, ಸರಾಸರಿ 30,000ದ ಮೇಲೆ ಬಡ್ಡಿ, ಸುಮಾರು 4,200 ರೂ. ಪಿಗ್ಮಿ ಖಾತೆಗೆ ಜಮೆ ಮಾಡಿ ವರ್ಷದ ಕೊನೆಗೆ ಒಟ್ಟಿಗೆ ಸಾಲಕ್ಕೆ ವಜಾ ಹಾಕುವುದಾದರೆ ಸಾಲ ವರ್ಷವಿಡೀ 60,000 ಎಂದೇ ಕೂತಿರುತ್ತದೆ, ಬಡ್ಡಿ 8,400. ಪಿಗ್ಮಿಯಿಂದ ನಿಮಗೆ ಬರುವ ಬಡ್ಡಿ 900. ನಿವ್ವಳ 7,500 ರೂ. ನಿಮ್ಮ ಕೈಯಲ್ಲಿ ಸರಾಸರಿ ಇದ್ದ ಹಣ 30,000 ಮಾತ್ರ ಎಂದು ನೋಡಿದರೆ ಇದು ಶೇ. 25ರ ಸಾಲ. ಕಾಗದದಲ್ಲಿ ಎಲ್ಲಿಯೂ 25 ಎಂಬ ಅಂಕಿ ಕಾಣುವುದಿಲ್ಲ, ಮೋಸ ಎನ್ನಲೂ ಬರುವುದಿಲ್ಲ. ‘ದಿನದ ಕಂತು ನೇರ ಸಾಲದ ಖಾತೆಗೆ ಜಮೆ ಮಾಡಿ’ ಎಂದು ಅರ್ಜಿಯಲ್ಲೇ ಬರೆಸಿ. ಒಪ್ಪದಿದ್ದರೆ ಕನಿಷ್ಠ ತಿಂಗಳಿಗೊಮ್ಮೆ ಪಿಗ್ಮಿ ಬಾಕಿಯನ್ನು ಸಾಲಕ್ಕೆ ವರ್ಗಾಯಿಸಿ ಎಂದು ಕೇಳಿ. ಅದಕ್ಕೂ ಒಪ್ಪದಿದ್ದರೆ, ಮಾರಾಯ್ರೆ, ಮನೆಯ ಚಿನ್ನ ಅಡವಿಟ್ಟು ಬ್ಯಾಂಕಿನಲ್ಲಿ ಸಾಲ ತೆಗೆಯುವುದೇ ಅಗ್ಗ.

ಹಣ ಎಲ್ಲಿ ಸೇರುತ್ತದೆ ಎಂಬುದು ಬಡ್ಡಿಗಿಂತ ದೊಡ್ಡ ಪ್ರಶ್ನೆ. ಬ್ಯಾಂಕಿನಲ್ಲಿ, ಪಟ್ಟಣ ಸಹಕಾರಿ ಬ್ಯಾಂಕು ಸೇರಿ, ಕಟ್ಟಿದ ಪಿಗ್ಮಿಗೆ ಠೇವಣಿ ವಿಮೆ ಇದೆ: 2020ರ ಫೆಬ್ರವರಿ 4ರಿಂದ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷ ರೂ.ವರೆಗೆ. ಆ ಬ್ಯಾಂಕಿನಲ್ಲಿರುವ ನಿಮ್ಮ ಎಲ್ಲ ಖಾತೆಗಳನ್ನೂ ಒಟ್ಟು ಸೇರಿಸಿ ಈ 5 ಲಕ್ಷ. ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳಲ್ಲಿ ಈ ವಿಮೆ ಇಲ್ಲ. ಅವು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ಅಥವಾ 1997ರ ಸೌಹಾರ್ದ ಸಹಕಾರಿ ಕಾಯ್ದೆಯ ಕೆಳಗೆ ನಡೆಯುವಂಥವು, ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಅವಕ್ಕೆ ಇರುವುದಿಲ್ಲ. ಸದಸ್ಯರಲ್ಲದವರಿಂದ, ನಾಮಮಾತ್ರ ಸದಸ್ಯರಿಂದ ಠೇವಣಿ ತೆಗೆದುಕೊಳ್ಳುವುದು ಬ್ಯಾಂಕಿಂಗ್ ನಿಯಮಕ್ಕೆ ವಿರುದ್ಧ ಎಂದು ರಿಸರ್ವ್ ಬ್ಯಾಂಕ್ 2021ರ ನವೆಂಬರ್‌ನಲ್ಲಿ ಎಚ್ಚರಿಸಿತ್ತು. ಹಾಗಾಗಿ ಪಿಗ್ಮಿ ತೆರೆಯುವಾಗ ಕೊಡುವ ಸಣ್ಣ ಸದಸ್ಯತ್ವ ಶುಲ್ಕದ ರಸೀದಿಯಲ್ಲಿ ಯಾವ ವರ್ಗದ ಸದಸ್ಯತ್ವ ಎಂದು ಓದಿ. ಷೇರು ಪಡೆದ ಪೂರ್ಣ ಸದಸ್ಯರಾದರೆ ವಾರ್ಷಿಕ ಮಹಾಸಭೆಗೆ ಹೋಗಿ ಲೆಕ್ಕ ಕೇಳುವ ಹಕ್ಕೂ ಬರುತ್ತದೆ.

ಇದರರ್ಥ ಸಂಘಗಳಿಗೆ ಹೋಗಬೇಡಿ ಎಂದಲ್ಲ. ನಮ್ಮ ಎರಡೂ ಜಿಲ್ಲೆಗಳಲ್ಲಿ ದಶಕಗಳಿಂದ ಅಚ್ಚುಕಟ್ಟಾಗಿ ನಡೆದುಬಂದ ಸಂಘಗಳಿವೆ, ಅವುಗಳ ಕಲೆಕ್ಟರುಗಳು ಹೋಗುವ ಓಣಿಗಳಿಗೆ ದೊಡ್ಡ ಬ್ಯಾಂಕು ಯಾರನ್ನೂ ಕಳಿಸುವುದಿಲ್ಲ. ವಾರ್ಷಿಕ ವರದಿಯ ಪುಸ್ತಿಕೆ ಕೇಳಿ ತೆಗೆದುಕೊಂಡು ಮೂರು ಕಡೆ ನೋಡಿ: ಆಡಿಟ್ ವರ್ಗೀಕರಣ (ಲೆಕ್ಕ ಪರಿಶೋಧನೆಯಲ್ಲಿ ಸಂಘಕ್ಕೆ ಸಿಕ್ಕ ದರ್ಜೆ) ಯಾವುದು, ಸುಸ್ತಿ ಸಾಲ (ಹೊತ್ತಿಗೆ ತೀರದೆ ಉಳಿದ ಸಾಲ) ಶೇಕಡಾ ಎಷ್ಟು, ಹಿಂದಿನ ವರ್ಷಕ್ಕೆ ಹೋಲಿಸಿದರೆ ಅದು ಏರಿದೆಯೇ. ಬೇರೆಯವರಿಗಿಂತ ಎರಡು ಮೂರು ಅಂಕ ಹೆಚ್ಚು ಬಡ್ಡಿ ಕೊಡುತ್ತೇವೆ ಎನ್ನುವ ಸಂಘವಾದರೆ ಸುಸ್ತಿ ಸಾಲದ ಪುಟವನ್ನು ಎರಡು ಸಲ ಓದಿ. ಮತ್ತೆ, ಸಂಘದಲ್ಲಿ ಒಂದು ವರ್ಷದ ಪಿಗ್ಮಿಗಿಂತ ಹೆಚ್ಚು ಇಡಬೇಡಿ. ಅವಧಿ ಮುಗಿದ ಕೂಡಲೇ ಆ ಮೊತ್ತವನ್ನು ವಿಮೆ ಇರುವ ಬ್ಯಾಂಕಿಗೆ ಸಾಗಿಸಿ, ಸಂಘದಲ್ಲಿ ಹೊಸ ಪಿಗ್ಮಿ ಸೊನ್ನೆಯಿಂದ ಶುರು ಮಾಡಿ. ಅಂಚೆ ಕಚೇರಿಯ ಆರ್.ಡಿ. ಇದಕ್ಕೆ ಒಳ್ಳೆಯ ಜೊತೆ. ತಿಂಗಳಿಗೆ 100 ರೂ.ಯಿಂದ ಶುರು, 2023ರ ಅಕ್ಟೋಬರ್‌ನಲ್ಲಿ ಬಡ್ಡಿ ಶೇ. 6.7 ಆಗಿತ್ತು. ಆದರೆ ಐದು ವರ್ಷದ ಅವಧಿ, ಮೂರು ವರ್ಷಕ್ಕೆ ಮುಂಚೆ ಮುಚ್ಚುವಂತಿಲ್ಲ ಎಂಬುದು ನೆನಪಿರಲಿ.

ಖಾತೆ ತೆರೆಯುವ ತಿಂಗಳನ್ನು ಯಾರೂ ಯೋಚಿಸಿ ಆರಿಸುವುದಿಲ್ಲ, ಆರಿಸಬೇಕು. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆ, ಮಂಗಳೂರು ದಕ್ಕೆಯ (ಮೀನುಗಾರಿಕೆ ಬಂದರಿನ) ಸುತ್ತಲಿನ ಕ್ಯಾಂಟೀನು, ಐಸು, ರಿಕ್ಷಾ, ಬಲೆ ದುರಸ್ತಿ ಎಲ್ಲದರ ದುಡಿಮೆಯೂ ಆಗ ಕುಗ್ಗುತ್ತದೆ. ಶಾಲೆಯ ಫೀಸು, ಮಾಡಿನ ಹಂಚು ಕೈಯಾಡಿಸುವ ಖರ್ಚು ಬರುವುದೂ ಅದೇ ಹೊತ್ತಿಗೆ. ಮೇ ಮೂರನೇ ವಾರಕ್ಕೆ ಅವಧಿ ಮುಗಿಯುವಂತೆ ಖಾತೆ ತೆರೆದರೆ ಹಣ ಬೇಕಾದಾಗ ಕೈಗೆ ಬರುತ್ತದೆ. ಜನವರಿಯಲ್ಲಿ ತೆರೆದವರು ಜೂನಿನಲ್ಲಿ ಖಾತೆ ಮುರಿದು ಕಮಿಷನ್ ಕಳೆದುಕೊಳ್ಳುತ್ತಾರೆ. ಆರು ತಿಂಗಳು ತುಂಬುವುದು ಜುಲೈಗೆ. ಮಳೆಗಾಲದಲ್ಲಿ ದಿನದ ಮೊತ್ತವನ್ನು 100ರಿಂದ 20ಕ್ಕೆ ಇಳಿಸಲು ಬರುತ್ತದೆಯೇ, ಪೂರ್ತಿ ನಿಲ್ಲಿಸಿದರೆ ದಂಡವಿದೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ದಿನಕ್ಕೆ ಇಷ್ಟೇ ಎಂಬ ಕಟ್ಟು ಇಲ್ಲದ ಪಿಗ್ಮಿಯೇ ಈ ಊರಿಗೆ ಸರಿ.

ಹರಿದ ನೋಟು ಕೊಟ್ಟರೆ ಕಲೆಕ್ಟರ್ ತೆಗೆದುಕೊಳ್ಳದಿದ್ದರೆ ಕೋಪಿಸಬೇಡಿ, ಅವರಿಗೆ ಆ ಅಧಿಕಾರವಿಲ್ಲ. ಈಗಿನ 500ರ ನೋಟು 99 ಚದರ ಸೆ.ಮೀ.; ಒಂದೇ ತುಂಡು 80 ಇದ್ದರೆ ಬ್ಯಾಂಕು ಪೂರ್ತಿ ಬೆಲೆ ಕೊಡುತ್ತದೆ, 40ರಿಂದ 80ರೊಳಗೆ ಅರ್ಧ, ಅದಕ್ಕಿಂತ ಕಡಿಮೆಯಾದರೆ ಏನೂ ಇಲ್ಲ. ಅದು ಬ್ಯಾಂಕಿನ ಕೌಂಟರಿನ ಕೆಲಸ.

ಅವಧಿ ಮುಗಿದ ದಿನ ಮಾಡಬೇಕಾದ್ದು: ಪಾಸ್‌ಬುಕ್ ಹಿಡಿದು ಶಾಖೆಗೆ ನೀವೇ ಹೋಗಿ. ಮೊತ್ತ 20,000 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆದಾಯ ತೆರಿಗೆ ನಿಯಮದಂತೆ ಠೇವಣಿಯನ್ನು ನಗದಾಗಿ ಹಿಂತಿರುಗಿಸುವಂತಿಲ್ಲ, ಖಾತೆಗೋ ಚೆಕ್ಕಿನಲ್ಲೋ ಬರುತ್ತದೆ. ಹೀಗಾಗಿ ಉಳಿತಾಯ ಖಾತೆಯ ಸಂಖ್ಯೆ, ಐಎಫ್‌ಎಸ್‌ಸಿ ಬರೆದುಕೊಂಡು ಹೋಗಿ. ಅವಧಿ ಮುಗಿದ ಮೇಲೂ ಹಾಗೇ ಬಿಟ್ಟ ಪಿಗ್ಮಿಗೆ ಬಡ್ಡಿ ನಿಲ್ಲಬಹುದು, ಕಲೆಕ್ಟರ್ ಮಾತ್ರ ಹೊಸ ಖಾತೆಗೆ ಸಂಗ್ರಹ ಮುಂದುವರಿಸುತ್ತಿರುತ್ತಾರೆ, ಹಳೆಯದು ಮರೆತುಹೋಗುತ್ತದೆ. ನಾಮಿನಿ ಹೆಸರು ಹೊಸ ಖಾತೆಗೆ ತಾನಾಗಿ ಬರುವುದಿಲ್ಲ, ಪ್ರತಿ ಸಲವೂ ಫಾರಂ ತುಂಬಬೇಕು. ಕಲೆಕ್ಟರ್ ಬದಲಾದರೆ ಹೊಸಬರ ಗುರುತಿನ ಚೀಟಿ ನೋಡಿ, ಶಾಖೆಗೆ ಒಂದು ಫೋನು ಮಾಡಿ ಖಾತ್ರಿಪಡಿಸಿಕೊಂಡು, ಹಳಬರ ಕೊನೆಯ ಚೀಟಿಯ ಒಟ್ಟು ಹೊಸ ಮೆಷಿನ್ನಿನ ಮೊದಲ ಚೀಟಿಯಲ್ಲಿ ಕೂಡಿದೆಯೇ ಎಂದು ನೋಡಿದ ಮೇಲೆಯೇ ಎರಡನೇ ದಿನದ ಹಣ ಕೊಡಿ.